ದುರ್ಯೋಧನನ ಪಾತ್ರಕ್ಕೆ ಪೈಪೋಟಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡಲು ಊರವರು ಕೂಡಿದರೆ ಮೊದಲು ಬಗೆಹರಿಯಬೇಕಾದದ್ದು ದುರ್ಯೋಧನ ಯಾರು ಎಂಬ ಪ್ರಶ್ನೆ. ಇಲ್ಲಿನ ಪೌರಾಣಿಕ ನಾಟಕಗಳು ನಡೆಯುವುದು ಪಾತ್ರಧಾರಿಗಳೇ ಹಾಕುವ ವಂತಿಗೆಯಿಂದ. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಗೆ, ಡ್ರೆಸ್ಸಿಗೆ, ಹೊರಗಿನಿಂದ ಬರುವ ಸ್ತ್ರೀಪಾತ್ರದ ಕಲಾವಿದೆಯರಿಗೆ ಕೊಡುವ ಹಣವೆಲ್ಲ ಹೀಗೆ ಕೂಡಬೇಕು. ಪಾರ್ಟು ದೊಡ್ಡದಾದಷ್ಟೂ ವಂತಿಗೆ ಹೆಚ್ಚು. ಕೃಷ್ಣನ ಜೊತೆಗೆ ದುರ್ಯೋಧನನ ಪಾರ್ಟೂ ದುಬಾರಿಯ ಸಾಲಿನಲ್ಲೇ ನಿಲ್ಲುತ್ತದೆ. ಆಸೆಪಟ್ಟವರು ಹೆಚ್ಚಾದಾಗ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಸೀನುಗಳನ್ನು ಹಂಚಿ, ಹ್ಯಾಂಡ್‌ಬಿಲ್ಲಿನಲ್ಲಿ ಇಬ್ಬರ ಹೆಸರನ್ನೂ ಅಚ್ಚು ಹಾಕಿಸುವುದುಂಟು. ಹಗಲು ಹೊಲ ಉಳುವವನು, ಅಂಗಡಿ ನಡೆಸುವವನು, ಊರಿನಲ್ಲಿ ಮರ್ಯಾದಸ್ಥನೆನಿಸಿಕೊಂಡವನು ಕೈಯಿಂದ ಹಣ ಹಾಕಿ, ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ ಆಗಬಯಸುವುದು ತುಂಬಿದ ಸಭೆಯಲ್ಲಿ ಹೆಣ್ಣಿನ ಸೀರೆ ಸೆಳೆಸಿದ ದೊರೆ.

ಕೆಟ್ಟವನೆಂದು ಗೊತ್ತಿದ್ದೂ ಕಥೆಯ ನಡುವೆ ನಿಲ್ಲಿಸಿಕೊಂಡು ಮೆಚ್ಚುವ ಈ ಒಲವು ಈ ಸೀಮೆಗಷ್ಟೇ ಸೇರಿದ್ದಲ್ಲ. ಕತ್ತಿ, ಮಂತ್ರ, ಶಾಪ, ಹಾಳು ಕೋಟೆಗಳ ಅದ್ಭುತ ಕಥೆಗಳಿಗೆ ಇಂಗ್ಲಿಷಿನಲ್ಲಿ ‘ಸ್ವೋರ್ಡ್ ಅಂಡ್ ಸಾರ್ಸರಿ’ ಎಂಬ ಹೆಸರಿದೆ. 1961ರಲ್ಲಿ ಈ ಹೆಸರನ್ನು ಕೊಟ್ಟವನು ಲೇಖಕ ಫ್ರಿಟ್ಜ್ ಲೈಬರ್. ಈ ಜಾತಿಯ ಕಥೆಗಳಿಗೆ ರೂಪ ಕೊಟ್ಟ ರಾಬರ್ಟ್ ಹೋವರ್ಡ್‌ನ ಕೋನನ್ 1932ರ ಡಿಸೆಂಬರಿನಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಕಾಣಿಸಿಕೊಂಡಾಗಲೇ ಕಳ್ಳ, ಕೊಲೆಗಾರ, ಕಡಲ್ಗಳ್ಳನಾಗಿ ಬದುಕಿದವನಾಗಿದ್ದ. 1961ರಲ್ಲಿ ಮೈಕೇಲ್ ಮೂರ್‌ಕಾಕ್ ಸೃಷ್ಟಿಸಿದ ಎಲ್ರಿಕ್ ಇನ್ನೂ ಕತ್ತಲೆಯವನು. ರೋಗಿಷ್ಠ ದೊರೆಯಾದ ಅವನು ಬದುಕಿರುವುದೇ ಕೊಂದವರ ಆತ್ಮ ಹೀರುವ ಕರಿಯ ಕತ್ತಿಯ ಬಲದಿಂದ. ಆ ಕತ್ತಿ ಅವನಿಗೆ ಬೇಕಾದವರನ್ನೂ ಬಿಡುವುದಿಲ್ಲ. ಮನೋವೈದ್ಯಶಾಸ್ತ್ರ ಓದಿದ ಕಾರ್ಲ್ ಎಡ್ವರ್ಡ್ ವ್ಯಾಗ್ನರ್ 1970ರಿಂದ ಬರೆದ ಕೇನ್‌ನ ಕಥೆಗಳಲ್ಲಿ ನಾಯಕನೇ ಖಳ. ತಮ್ಮನನ್ನು ಕೊಂದ ಬೈಬಲ್ಲಿನ ಕೇನನ ನೆರಳಿನಲ್ಲಿ ಹುಟ್ಟಿದ ಈತ ಸಾವಿಲ್ಲದೆ ಅಲೆಯುವ ಶಾಪ ಹೊತ್ತ ಯೋಧ ಮತ್ತು ಮಾಂತ್ರಿಕ.

ಕೇನನ ಕಥೆ ಕೇಳಿದ ಕನ್ನಡಿಗನಿಗೆ ಕೂಡಲೇ ನೆನಪಾಗುವವನು ಅಶ್ವತ್ಥಾಮ. ಮಲಗಿದ್ದವರನ್ನು ಕತ್ತಲಲ್ಲಿ ಕೊಂದು, ತಲೆಯ ಮಣಿ ಕಳೆದುಕೊಂಡು, ಮಾಯದ ಗಾಯ ಹೊತ್ತು ಅಲೆಯುವ ಚಿರಂಜೀವಿ ಅವನು. ಬಿ.ಎಂ.ಶ್ರೀ. 1929ರಲ್ಲಿ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಏಜಾಕ್ಸ್’ ಮಾದರಿಯಲ್ಲಿ ಅವನನ್ನು ದುರಂತ ನಾಯಕನನ್ನಾಗಿ ನಿಲ್ಲಿಸಿದರು. ಅದಕ್ಕೂ ಮುಂಚೆ, 1926ರಲ್ಲಿ, ಅವರು ರನ್ನನ ಪದ್ಯಗಳನ್ನೇ ಆಯ್ದು ‘ಗದಾಯುದ್ಧ ನಾಟಕಂ’ ಕಟ್ಟಿದ್ದರು. ಅಲ್ಲಿ ದುರಂತ ನಾಯಕನ ಪಟ್ಟ ದುರ್ಯೋಧನನಿಗೆ.

ಖಳನ ಆಕರ್ಷಣೆ ಹೇಗೆ ಹುಟ್ಟುತ್ತದೆಂದು ತಿಳಿಯಲು ರನ್ನನ ‘ಗದಾಯುದ್ಧ’ಕ್ಕಿಂತ ಒಳ್ಳೆಯ ಪಠ್ಯ ಕನ್ನಡದಲ್ಲಿಲ್ಲ. ಸಾವಿರ ವರ್ಷದ ಹಿಂದೆ, ಚಾಲುಕ್ಯರ ಆಸ್ಥಾನದಲ್ಲಿ ಬರೆದ ಈ ಕಾವ್ಯದ ನಾಯಕ ಭೀಮ. ಆಶ್ರಯದಾತ ಸತ್ಯಾಶ್ರಯನನ್ನು ಕವಿ ಹೋಲಿಸಿದ್ದೂ ಅವನಿಗೇ. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ಸೋತವನು. ಹದಿನೇಳು ದಿನದ ಯುದ್ಧ ಮುಗಿದ ಮೇಲೆ ದುರ್ಯೋಧನ ಭೀಷ್ಮನನ್ನು ಕಾಣಲು ರಣರಂಗದಲ್ಲಿ ನಡೆದು ಹೋಗುತ್ತಾನೆ. ಸಂಜಯನ ಹೆಗಲೇ ಆಸರೆ. ಕಾಲಡಿಯಲ್ಲಿ ಹೆಣ, ನೆತ್ತರ ಕೆಸರು, ಸುತ್ತ ಹೆಣ ತಿನ್ನುವ ಮರುಳುಗಳ ಗದ್ದಲ. ಚಕ್ರವರ್ತಿಯನ್ನು ಮರುಳೊಂದು ಅಡ್ಡಗಟ್ಟಿ ಹಂಗಿಸುತ್ತದೆ. ದಾರಿಯಲ್ಲಿ ದ್ರೋಣ ಬಿದ್ದಿದ್ದಾನೆ. ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಬಿದ್ದಿದ್ದಾರೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ಅವನು ನಿಂತು, ಆ ಹುಡುಗನ ಪರಾಕ್ರಮಕ್ಕೆ ಕೈಮುಗಿಯುತ್ತಾನೆ. ತನಗೂ ಅಂಥದೇ ಸಾವು ಬರಲೆಂದು ಹಾರೈಸುತ್ತಾನೆ.

ಈ ನಡಿಗೆಯಲ್ಲಿ ರನ್ನ ಅವನ ಒಂದು ಪಾಪವನ್ನೂ ಅಳಿಸಿಲ್ಲ. ಸಂಧಿ ಮಾಡಿಕೋ ಎಂದು ಭೀಷ್ಮ ಹೇಳಿದಾಗ ದುರ್ಯೋಧನ ಒಪ್ಪುವುದಿಲ್ಲ. ಕರ್ಣ, ದುಶ್ಶಾಸನರನ್ನು ಕೊಂದವರೊಡನೆ ಬಾಳುವ ರಾಜ್ಯ ಅವನಿಗೆ ಬೇಕಿಲ್ಲ. ಆಮೇಲೆ ಭೀಷ್ಮ ಹೇಳಿಕೊಟ್ಟ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗುತ್ತಾನೆ. ದಡದಲ್ಲಿ ಭೀಮನ ಅಬ್ಬರ ಕೇಳಿ ನೀರಿನೊಳಗೇ ಬೆವರುತ್ತಾನೆ. ಆ ಬೆವರು ಹೆದರಿಕೆಯದಲ್ಲ, ಸಿಟ್ಟಿನದು. ಬದುಕುವ ದಾರಿ ಇದ್ದೂ ಎದ್ದು ಬರುತ್ತಾನೆ. ಗದಾಯುದ್ಧದ ನಿಯಮ ಮೀರಿ ಭೀಮ ತೊಡೆಗೆ ಹೊಡೆಯುತ್ತಾನೆ. ಹೆಣಗಳ ಬಯಲು, ಮರುಳು, ನೀರಡಿಯ ಮಂತ್ರ, ಗದೆ, ಮುರಿದ ತೊಡೆ ಎಲ್ಲ ಒಂದೇ ಕಾವ್ಯದಲ್ಲಿವೆ. ಪಶ್ಚಿಮದ ಲೇಖಕರು ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಕತ್ತಲ ಲೋಕದ ಸಾಮಗ್ರಿಯೆಲ್ಲ ಹಳಗನ್ನಡದಲ್ಲಿ ಆಗಲೇ ಒಟ್ಟಾಗಿತ್ತು.

ರನ್ನನಿಗೆ ಮೊದಲೇ, 941ರಲ್ಲಿ, ಪಂಪ ತನ್ನ ಭಾರತದ ಕೊನೆಯಲ್ಲಿ ಛಲಕ್ಕೆ ಮಾದರಿಯಾಗಿ ಹೆಸರಿಸಿದ್ದು ದುರ್ಯೋಧನನನ್ನೇ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ಹಿಡಿದವನು, ಒಂದೇ ಗಳಿಗೆಯ ಚಪಲಕ್ಕೆ ಬಿದ್ದವನು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅವನ ಮನಸ್ಸು ಕೊನೆಗೆ ಪರಿವರ್ತನೆಯಾಗುತ್ತದೆ. ಖಳನಿಗೂ ಒಂದು ಒಳಬದುಕು ಉಂಟೆಂದು ನಂಬಿ ಬರೆದ ಪರಂಪರೆ ಇದು.

ಅಕ್ಷರ ಬಾರದವರಿಗೆ ಈ ಪರಂಪರೆ ಮುಟ್ಟಿದ್ದು ಆಟದ ಮೂಲಕ. ತುಮಕೂರು ಸೀಮೆಯ ಹಳೆಯ ರಂಗಕಲೆ ಮೂಡಲಪಾಯ ಯಕ್ಷಗಾನದಲ್ಲಿ ರಾಕ್ಷಸ ಪಾತ್ರದ ಪ್ರವೇಶಕ್ಕೆ ಬೇರೆಯದೇ ಗತ್ತು. ಮೊದಲು ಅಡ್ಡ ಹಿಡಿದ ತೆರೆಯ ಹಿಂದೆ ಅಬ್ಬರ. ಮದ್ದಳೆಯ ಪೆಟ್ಟು ಬಿರುಸಾಗುತ್ತದೆ, ಮುಖವೀಣೆ ಏರುತ್ತದೆ. ತೆರೆಯ ಮೇಲಂಚಿನಲ್ಲಿ ಕಿರೀಟವಷ್ಟೇ ಕಾಣುತ್ತದೆ, ಆಮೇಲೆ ಭುಜಕೀರ್ತಿ. ತೆರೆ ಸರಿದು ವೇಷ ಕುಣಿದು ನಿಂತ ಮೇಲೆ ಸಾರಥಿ ಮುಂದೆ ಬಂದು ತಾವು ಯಾರು, ಯಾವ ದೇಶದ ದೊರೆ, ಬಂದ ಕಾರಣವೇನು ಎಂದು ಕೇಳುತ್ತಾನೆ. ಉತ್ತರವಾಗಿ ರಾಕ್ಷಸ ತನ್ನ ಹುಟ್ಟು, ವರ, ಬಲ, ಗೆದ್ದ ಲೋಕಗಳನ್ನು ಹೇಳಿಕೊಳ್ಳುತ್ತಾನೆ. ಹಿರಣ್ಯಕಶಿಪು ಇರಲಿ, ರಾವಣ ಇರಲಿ, ಈ ಹೊತ್ತಿನಲ್ಲಿ ಅವನಿಗೆ ಅಡ್ಡ ಮಾತಾಡುವವರಿಲ್ಲ. ತೂಕಡಿಸುತ್ತಿದ್ದ ಮಕ್ಕಳೂ ಎದ್ದು ಕೂರುತ್ತಾರೆ. ಪ್ರೇಕ್ಷಕರ ಮನಸ್ಸನ್ನು ಖಳ ಗೆಲ್ಲುವುದು ಕಥೆ ಶುರುವಾಗುವ ಮೊದಲೇ, ತನ್ನನ್ನು ತಾನೇ ಹೇಳಿಕೊಳ್ಳುವ ಈ ಮಾತಿನಲ್ಲಿ.

ಮೂಡಲಪಾಯದ ಜಾಗವನ್ನು ಬಹುಪಾಲು ತುಂಬಿದ್ದು ಕಂಪನಿ ನಾಟಕದ ಪ್ರಭಾವ. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ಕಂಪನಿ ‘ಕುರುಕ್ಷೇತ್ರ’ವನ್ನು ಬಯಲಿನಲ್ಲಿ ನಿಜವಾದ ಆನೆ, ಕುದುರೆಗಳೊಡನೆ ಆಡಿತು. ಆ ವೈಭವದ ನೆನಪು ಹಳ್ಳಿಯ ಸೀನರಿಯಲ್ಲಿ, ಮಿಂಚುವ ಡ್ರೆಸ್ಸಿನಲ್ಲಿ, ಹಾರ್ಮೋನಿಯಮ್ಮಿನ ಮಟ್ಟುಗಳಲ್ಲಿ ಉಳಿಯಿತು. ರಾತ್ರಿ ಶುರುವಾದ ನಾಟಕ ಬೆಳಗಿನ ಜಾವದವರೆಗೂ ನಡೆಯುತ್ತದೆ. ದುರ್ಯೋಧನನ ಕಂದಪದ್ಯಕ್ಕೆ ‘ಒನ್ಸ್ ಮೋರ್’ ಬೀಳುತ್ತದೆ. ನೆಂಟರಿಷ್ಟರು ರಂಗವೇರಿ ಹಾರ ಹಾಕಿ ಮುಯ್ಯಿ ಮಾಡುತ್ತಾರೆ.

ಪಾವಗಡಕ್ಕೆ ಇನ್ನೊಂದು ದಿಕ್ಕಿನಿಂದಲೂ ಇದೇ ರುಚಿ ಬಂದಿದೆ. ಬಹುಪಾಲು ಆಂಧ್ರದ ನೆಲ ಸುತ್ತುವರಿದ ಈ ತಾಲ್ಲೂಕಿನಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಬಹಳ. ತೆಲುಗು ಪದ್ಯನಾಟಕ, ತೆಲುಗು ಸಿನಿಮಾ ಇಲ್ಲಿ ಹೊರಗಿನವಲ್ಲ. 1951ರ ‘ಪಾತಾಳ ಭೈರವಿ’ಯಲ್ಲಿ ಎಸ್.ವಿ. ರಂಗಾರಾವ್ ಮಾಡಿದ ನೇಪಾಳದ ಮಾಂತ್ರಿಕ ನಾಯಕನಷ್ಟೇ ಜನಪ್ರಿಯನಾದ. 1963ರ ‘ನರ್ತನಶಾಲ’ದ ಕೀಚಕನೂ ಅವರೇ. ಎನ್.ಟಿ. ರಾಮರಾವ್ 1977ರ ‘ದಾನ ವೀರ ಶೂರ ಕರ್ಣ’ದಲ್ಲಿ ಕೃಷ್ಣ, ಕರ್ಣ, ದುರ್ಯೋಧನ ಮೂವರೂ ಆದರು. ಜನರ ಬಾಯಲ್ಲಿ ಉಳಿದದ್ದು ದುರ್ಯೋಧನನ ಸಂಭಾಷಣೆ. ಕನ್ನಡದಲ್ಲಿ ರಾಜ್‌ಕುಮಾರ್ ಸಹ ‘ಭೂಕೈಲಾಸ’ದಲ್ಲಿ ರಾವಣ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು. ಮುಖ್ಯ ನಟ ಖಳನಾದರೆ ಅವಮಾನವೆಂದು ಈ ನಾಡಿನ ಪ್ರೇಕ್ಷಕ ಎಂದೂ ಎಣಿಸಿಲ್ಲ.

ಪಾವಗಡದ ಹೆಸರು ಕೇಳಿದರೆ ಹೊರಗಿನವರಿಗೆ ನೆನಪಾಗುವುದು ಶನಿಮಹಾತ್ಮ ದೇವಸ್ಥಾನ. ಶನಿಯ ಕಥೆಯನ್ನು ಬರಿಯ ಕಥೆಯಾಗಿ ನೋಡಿದರೆ ಅದರಲ್ಲಿ ನಡೆಯುವುದು ಒಬ್ಬ ಒಳ್ಳೆಯ ರಾಜನ ನಾಶ. ಮಾತಿನಲ್ಲಿ ತನ್ನನ್ನು ಹಗುರ ಮಾಡಿದನೆಂದು ಶನಿ ವಿಕ್ರಮಾದಿತ್ಯನ ಬೆನ್ನು ಹತ್ತುತ್ತಾನೆ. ರಾಜ್ಯ ಹೋಗುತ್ತದೆ, ಚಿತ್ರದ ಹಂಸ ಹಾರ ನುಂಗಿ ಕಳ್ಳತನದ ಅಪವಾದ ಬರುತ್ತದೆ, ಕೈಕಾಲು ಕತ್ತರಿಸುತ್ತಾರೆ, ದೊರೆ ಗಾಣ ಹೊಡೆಯುವವನಾಗುತ್ತಾನೆ. ಏಳೂವರೆ ವರ್ಷ ಕಳೆದ ಮೇಲೆ ಹಿಂಸೆ ಕೊಟ್ಟವನೇ ಎಲ್ಲವನ್ನೂ ಮರಳಿ ಕೊಡುತ್ತಾನೆ. ಈ ಕಥೆಯನ್ನು ಹಳೇ ಮೈಸೂರಿನ ಹಳ್ಳಿಗಳಲ್ಲಿ ಶನಿವಾರಗಳಂದು ಹಾರ್ಮೋನಿಯಂ ಇಟ್ಟುಕೊಂಡು ಓದಿಸುತ್ತಾರೆ, ನಾಟಕವಾಗಿ ಆಡುತ್ತಾರೆ. ಶನಿ ದೇವರು, ಖಳನಲ್ಲ. ಆದರೆ ಭಯ ಹುಟ್ಟಿಸುವ ಶಕ್ತಿಯನ್ನು ದೂರ ತಳ್ಳದೆ ಎದುರಿಗೆ ಕೂರಿಸಿಕೊಂಡು, ಅದರ ಮಾತನ್ನೂ ಪೂರ್ತಿ ಕೇಳುವ ಅಭ್ಯಾಸ ಇಲ್ಲಿನ ಜನಕ್ಕೆ ಆಟದಿಂದಷ್ಟೇ ಬಂದದ್ದಲ್ಲ, ಭಕ್ತಿಯಿಂದಲೂ ಬಂದದ್ದು.

ಇತಿಹಾಸವೂ ಜೊತೆಗೂಡಿದೆ. ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ನಿಡಗಲ್ಲು, ಪಾವಗಡ ಎಂದು ಬೆಟ್ಟಕ್ಕೊಂದು ಕೋಟೆ ಇರುವ ಪಾಳೆಯಗಾರರ ಸೀಮೆ ಇದು. ಶಿರಾ ಆದಿಲ್‌ಶಾಹಿಗಳಿಂದ 1687ರಲ್ಲಿ ಮೊಗಲರಿಗೆ ಹೋಯಿತು, ಮರಾಠರ ಕೈಗೂ ಬಂತು, 1761ರಲ್ಲಿ ಹೈದರಾಲಿಯದಾಯಿತು. ನಿನ್ನೆಯ ಬಂಡುಕೋರ ಇವತ್ತು ದೊರೆಯಾಗುವುದನ್ನು, ಇವತ್ತಿನ ದೊರೆ ನಾಳೆ ಕೋಟೆ ಬಿಟ್ಟು ಓಡುವುದನ್ನು ತಲೆಮಾರುಗಳ ಕಾಲ ಕಂಡ ಜನ ಗೆದ್ದವನೇ ಧರ್ಮವಂತನೆಂದು ಸುಲಭಕ್ಕೆ ಒಪ್ಪಲಾರರು. ಸೋತವನ ಮಾತಿಗೂ ರಂಗದ ಮೇಲೆ ಜಾಗ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಆಕರ್ಷಣೆಯ ಕಾರಣಗಳಲ್ಲಿ ಮೊದಲನೆಯದು ಖಳನ ನಿರ್ಧಾರ. ಧರ್ಮರಾಯ ಯೋಚಿಸುತ್ತಾನೆ, ಅರ್ಜುನ ಅಳುಕುತ್ತಾನೆ, ದುರ್ಯೋಧನ ಮಾಡುತ್ತಾನೆ. ಕಥೆ ಮುಂದೆ ಹೋಗುವುದೇ ಅವನಿಂದ. ದಿನಬೆಳಗಾದರೆ ಮಳೆಗೆ, ಸಾಲಕ್ಕೆ, ಕಚೇರಿಯ ಬಾಗಿಲಿಗೆ ತಲೆಬಾಗಿಸಿ ಬದುಕುವವನಿಗೆ ಯಾರಿಗೂ ಬಾಗದವನ ಮಾತನ್ನು ಒಂದು ರಾತ್ರಿ ತನ್ನ ಬಾಯಲ್ಲಿ ಆಡುವುದು ಸಣ್ಣ ಸುಖವಲ್ಲ. ಎರಡನೆಯದು, ಕೆಟ್ಟವನೊಳಗೆ ಕೆಡದೆ ಉಳಿದ ಒಂದು ಗುಣ. ಕುಲ ಕೇಳಿ ಸಭೆ ಕರ್ಣನನ್ನು ಹೀಯಾಳಿಸಿದಾಗ ಅಂಗರಾಜ್ಯ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡವನು ದುರ್ಯೋಧನ. ಜಾತಿಯ ನೋವು ಬಲ್ಲ ಊರುಗಳಲ್ಲಿ ಈ ಸೀನಿಗೆ ಇರುವ ಬೆಲೆಯೇ ಬೇರೆ. ಎಲ್ಲಕ್ಕಿಂತ ಮುಖ್ಯವಾದದ್ದು ಅವನು ತೆರುವ ಬೆಲೆ. ದುರ್ಯೋಧನ, ರಾವಣ, ಎಲ್ರಿಕ್, ಕೇನ್ ಯಾರೂ ತಮ್ಮ ಕೃತ್ಯದ ಲೆಕ್ಕ ತಪ್ಪಿಸಿಕೊಳ್ಳುವುದಿಲ್ಲ. ತಪ್ಪು ಮಾಡಿದವನು ದಂಡ ತೆರುವುದನ್ನೂ, ತೆರುವಾಗ ತಲೆ ತಗ್ಗಿಸದಿರುವುದನ್ನೂ ಒಟ್ಟಿಗೆ ನೋಡಲು ಜನ ಬೆಳಗಿನ ಜಾವದವರೆಗೆ ಎಚ್ಚರವಿರುತ್ತಾರೆ.

ಈ ಮೆಚ್ಚುಗೆಗೆ ಒಂದು ಗಡಿ ಇರಲೇಬೇಕು. ದುರ್ಯೋಧನನನ್ನು ದೊಡ್ಡವನಾಗಿಸಲು ದ್ಯೂತದ ಸೀನನ್ನು ಮೊಟಕು ಮಾಡಿ, ದ್ರೌಪದಿಯ ಪ್ರಶ್ನೆಯನ್ನು ಹಾಡಿನಲ್ಲಿ ಮುಳುಗಿಸಿದರೆ ಉಳಿಯುವುದು ಪೊಳ್ಳು ವೀರ. ಅವನು ಮಾಡಿದ್ದೇನೆಂದು ಪೂರ್ತಿ ಗೊತ್ತಿದ್ದಾಗಲೇ ರಣರಂಗದ ಆ ನಡಿಗೆ ಮನಸ್ಸನ್ನು ಕಲಕುತ್ತದೆ. ದಂಡ ತೆರದ, ಯಾರ ನೋವನ್ನೂ ಕಾಣಿಸದ ಖಳನನ್ನು ಮೆರೆಸುವ ಸಿನಿಮಾ, ಕಾದಂಬರಿಗಳು ರಕ್ತವನ್ನು ತೋರಿಸಬಲ್ಲವು, ದುಃಖವನ್ನಲ್ಲ. ರನ್ನ ಎರಡನ್ನೂ ತೋರಿಸಿದ.

ಕನ್ನಡದ ಹೊಸ ಲೇಖಕರಲ್ಲಿ ಕತ್ತಿ, ಮಂತ್ರಗಳ ಕಥೆ ಬರೆಯುವ ಹುಮ್ಮಸ್ಸಿರುವವರು ಪಶ್ಚಿಮದ ಪುಸ್ತಕಗಳನ್ನು ಓದಲಿ, ಅವು ಓದತಕ್ಕವೇ. ಜೊತೆಗೆ ‘ಗದಾಯುದ್ಧ’ವನ್ನು ಒಮ್ಮೆ ಮೊದಲಿಂದ ಕೊನೆಯವರೆಗೆ ಓದಬೇಕು. ಜಾತ್ರೆಯ ಕಾಲದಲ್ಲಿ ಮಧುಗಿರಿಯ ಕಡೆಗೋ ಶಿರಾದ ಕಡೆಗೋ ಹೋಗಿ, ದುರ್ಯೋಧನನ ತೊಡೆ ಮುರಿಯುವವರೆಗೂ ಎದ್ದು ಬರದೆ ಒಂದು ನಾಟಕ ನೋಡಬೇಕು.