ಸ್ಟುಡಿಯೊ ಕಪಾಟಿನಲ್ಲಿ ಊರಿನ ಚರಿತ್ರೆ

ತಾಲ್ಲೂಕು ಕೇಂದ್ರಗಳ ಫೋಟೊ ಸ್ಟುಡಿಯೊಗಳನ್ನು ನಾವು ಅರ್ಜಿಗೆ ಅಂಟಿಸುವ ಭಾವಚಿತ್ರ ತೆಗೆಸುವ ಅಂಗಡಿಗಳೆಂದಷ್ಟೇ ಬಲ್ಲೆವು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ಊರುಗಳ ಜನಜೀವನ ಕಣ್ಣಿಗೆ ಕಾಣುವಂತೆ ಉಳಿದಿರುವುದು ಅಲ್ಲಿಯೇ. ಸರ್ಕಾರಿ ಕಡತದಲ್ಲಿ ಹೊಲದ ಸರ್ವೆ ನಂಬರು ಸಿಗುತ್ತದೆ. ಅದನ್ನು ಉತ್ತವನ ಮುಖ ಸಿಗುವುದಿಲ್ಲ.

ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ಉತ್ತರ ಕರ್ನಾಟಕದ ಈ ಸಣ್ಣಾಟಕ್ಕೆ ರಂಗರೂಪ ಕೊಟ್ಟವರು ಕುಲಗೋಡ ತಮ್ಮಣ್ಣ. ಅದನ್ನು ಮನೆಮಾತಾಗಿಸಿದವರಲ್ಲಿ ಕೌಜಲಗಿ ನಿಂಗಮ್ಮ ಪ್ರಮುಖರು. ಕುಲಗೋಡ, ಕೌಜಲಗಿ ಎರಡೂ ಅವಿಭಜಿತ ಗೋಕಾಕ ತಾಲ್ಲೂಕಿನ ಊರುಗಳು. ಪಾರಿಜಾತದ ಪದಗಳು ಅಚ್ಚಾಗಿವೆ. ಆದರೆ ಸತ್ಯಭಾಮೆಯ ನಿಲುವು, ಕೊರವಂಜಿಯ ವೇಷ, ಹಾರ್ಮೋನಿಯಂ ಹಿಡಿದವರು, ಬೆಳಗಿನವರೆಗೆ ಎದುರು ಕುಳಿತ ಜನ ಇವು ಪುಸ್ತಕಕ್ಕೆ ದಕ್ಕುವಂಥವಲ್ಲ. ಹಗಲು ಮದುವೆಯ ಚಿತ್ರ ತೆಗೆದು ರಾತ್ರಿ ಆಟದ ಚಿತ್ರ ತೆಗೆಯುವ ಊರಿನ ಛಾಯಾಗ್ರಾಹಕನೇ ಇವುಗಳ ದಾಖಲೆಗಾರ.

ಹುಕ್ಕೇರಿ ತಾಲ್ಲೂಕಿನ ಸಂಗತಿ ಇನ್ನಷ್ಟು ಮನ ಮಿಡಿಯುವಂಥದು. ಘಟಪ್ರಭಾ ನದಿಗೆ ಹಿಡಕಲ್ ಜಲಾಶಯ ನಿರ್ಮಾಣವಾದಾಗ ಹಲವು ಊರುಗಳು ನೀರು ಪಾಲಾದವು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹುನ್ನೂರಿನ ವಿಠ್ಠಲ ದೇವಾಲಯ ಕಾಣಿಸಿಕೊಳ್ಳುತ್ತದೆ, ಮನೆಗಳು ಕಾಣಿಸುವುದಿಲ್ಲ. ತಲೆಬಾಗಿಲ ಮುಂದೆ ನಿಂತು ತೆಗೆಸಿಕೊಂಡ ಒಂದು ಚಿತ್ರ ಉಳಿದಿದ್ದರೆ, ಆ ಕುಟುಂಬಕ್ಕೆ ಅದೇ ಊರು.

ಇಂತಹ ಚಿತ್ರಗಳ ಒಡೆತನ ಯಾರದು? 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುಸ್ವಾಮ್ಯ ತೆಗೆಸಿದವರಿಗೆ ಸೇರುತ್ತದೆ. ಆದರೆ ನೆಗೆಟಿವ್‌ಗಳು ಇರುವುದು ಸ್ಟುಡಿಯೊದಲ್ಲಿ. ಹಕ್ಕು ಒಬ್ಬರದು, ಕಾಯುವ ಖರ್ಚು ಇನ್ನೊಬ್ಬರದು, ಪ್ರಯೋಜನ ಇಡೀ ಸಮಾಜದ್ದು. ಇಂತಹ ಸ್ವತ್ತನ್ನು ಮಾರುಕಟ್ಟೆ ಕಾಪಾಡುವುದಿಲ್ಲ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸ್ಟುಡಿಯೊ ಮುಚ್ಚಿದ ದಿನ ನೆಗೆಟಿವ್‌ಗಳು ರದ್ದಿಯ ಜೊತೆ ಹೋದರೆ ಕೇಳುವವರಿಲ್ಲ. ಡಿಜಿಟಲ್ ಚಿತ್ರಗಳೂ ಸುರಕ್ಷಿತವಲ್ಲ. ಹಾರ್ಡ್ ಡಿಸ್ಕ್ ಕೆಟ್ಟರೆ ಸಾವಿರಾರು ಚಿತ್ರಗಳು ಒಮ್ಮೆಲೇ ಅಳಿಯುತ್ತವೆ.

ದಾರಿ ಇಲ್ಲದಿಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆಯು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೊ ಮತ್ತು ಕುಟುಂಬ ಚಿತ್ರಗಳನ್ನು ಡಿಜಿಟಲೀಕರಿಸಿದೆ. ನಮ್ಮಲ್ಲಿಯೂ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರ ವಸೂಲಾಗುತ್ತದೆ. ಅದರಲ್ಲೊಂದು ಸಣ್ಣ ಪಾಲಿನಿಂದ ತಾಲ್ಲೂಕು ಗ್ರಂಥಾಲಯಕ್ಕೆ ಒಂದು ಸ್ಕ್ಯಾನರ್, ಒಬ್ಬ ತರಬೇತಾದ ಸಹಾಯಕ ದೊರೆತರೆ ಕೆಲಸ ಆರಂಭವಾಗುತ್ತದೆ. ಸ್ಟುಡಿಯೊದವರಿಗೆ ಗೌರವಧನ ಸಲ್ಲಬೇಕು. ಕುಟುಂಬದ ಒಪ್ಪಿಗೆಯಿಲ್ಲದೆ ಮನೆಯ ಚಿತ್ರ ಬಹಿರಂಗವಾಗಬಾರದು.

ಎಲ್ಲಕ್ಕಿಂತ ತುರ್ತಾದದ್ದು ಹೆಸರು ಬರೆದಿಡುವುದು. ಯಂತ್ರವನ್ನು ಮುಂದಿನ ವರ್ಷವೂ ಕೊಳ್ಳಬಹುದು. ಆದರೆ ಮಾಸಿದ ಚಿತ್ರದ ಮೇಲೆ ಬೆರಳಿಟ್ಟು, ‘ಇವಳು ನಮ್ಮ ಸೋದರತ್ತೆ, ಅಂವ ಮೃದಂಗದ ಅಜ್ಜ’ ಎಂದು ಗುರುತಿಸಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಎದುರು ಆಲ್ಬಮ್ ತೆರೆದು ಕುಳಿತುಕೊಳ್ಳಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.