ತಪ್ಪು ಹೊಡೆದರೂ ಮುನಿಯದ ಕ್ಲಬ್
ಗಾಲ್ಫ್ ಕಲಿಯುವ ಸೋದರಿಯರಿಗೆ ಕೆಲವು ಸಲಹೆಗಳು

ಗಾಲ್ಫ್ ಎಂದರೆ ಸಾಹೇಬರ ಆಟ, ನಮಗೇಕೆ ಅದರ ಗೊಡವೆ ಅಂತೀರಾ ಸೋದರಿಯರೆ? ಆಟ ನಮ್ಮಲ್ಲಿಗೆ ಬಂದು ಬಹಳ ಕಾಲವಾಯಿತು. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಮೈಸೂರು, ಚಿಕ್ಕಮಗಳೂರು, ಮಡಿಕೇರಿ, ವಿರಾಜಪೇಟೆ ಬಳಿಯ ಬಿಟ್ಟಂಗಾಲಗಳಲ್ಲೂ ಗಾಲ್ಫ್ ಮೈದಾನಗಳಿವೆ. ಮಕ್ಕಳು ದೊಡ್ಡವರಾದ ಮೇಲೆ ಒಂದಿಷ್ಟು ನಡಿಗೆ, ಒಂದಿಷ್ಟು ಹಸಿರು, ನಾಲ್ಕು ಜನರ ಸ್ನೇಹ ಬೇಕೆಂದು ಮೈದಾನಕ್ಕೆ ಕಾಲಿಡುವ ಗೃಹಿಣಿಯರೂ ಇದ್ದಾರೆ.

ಆದರೆ ಅವರಲ್ಲಿ ಎಷ್ಟೋ ಮಂದಿ ಕೆಲವೇ ವಾರಗಳಲ್ಲಿ “ಅಯ್ಯೋ, ಇದು ನನ್ನ ಕೈಲಾಗೋದಲ್ಲ” ಎಂದು ಮನೆಗೆ ಮರಳುತ್ತಾರೆ. ಬಹಳ ಸಲ ತಪ್ಪು ಅವರದಲ್ಲ, ಕೈಗೆ ಕೊಟ್ಟ ಸಾಮಾನಿನದು. ಯಜಮಾನರು ಬಳಸಿ ಬಿಟ್ಟ ಭಾರದ, ಉದ್ದದ, ಬಿರುಸಾದ ಕ್ಲಬ್ಬನ್ನೇ ಹೆಂಡತಿಗೆ ದಾಟಿಸುವುದು ವಾಡಿಕೆ. ಅಣ್ಣನ ಚಪ್ಪಲಿ ತಂಗಿಗೆ ಹಾಕಿ ಓಡು ಅಂದ ಹಾಗೆ!

(ಗಾಲ್ಫಿನಲ್ಲಿ ಕ್ಲಬ್ ಎಂದರೆ ಸಂಘವೂ ಹೌದು, ಚೆಂಡು ಹೊಡೆಯುವ ಕೋಲೂ ಹೌದು. ಇನ್ನು ಮುಂದೆ ನಮ್ಮ ಮಾತೆಲ್ಲ ಕೋಲಿನದು.)

ಹೆಸರಿಗೆ ಮರ, ಒಳಗೆ ಲೋಹ

ಒಂದು ಸುತ್ತಿಗೆ 14 ಕ್ಲಬ್‌ಗಳವರೆಗೆ ಒಯ್ಯಬಹುದು. ಅವುಗಳಲ್ಲಿ ಹೊಸಬರನ್ನು ಹೆಚ್ಚು ಕಾಡುವುದು ಫೇರ್‌ವೇ ವುಡ್. ನೆಲದ ಹುಲ್ಲಿನ ಮೇಲೆ ಬಿದ್ದಿರುವ ಚೆಂಡನ್ನು ದೂರಕ್ಕೆ ಕಳಿಸುವ ಕ್ಲಬ್ ಇದು. ಹಿಂದೆ ಇದರ ತಲೆಯನ್ನು ಪರ್ಸಿಮನ್ ಎಂಬ ಗಟ್ಟಿ ಮರದಿಂದ ಮಾಡುತ್ತಿದ್ದರು. 1979ರ ಹೊತ್ತಿಗೆ ಉಕ್ಕಿನ ತಲೆಯವು ಪೇಟೆಗೆ ಬಂದು, ಕ್ರಮೇಣ ಮರವನ್ನು ಮೂಲೆಗೆ ಸರಿಸಿದವು. ಈಗ ಉಕ್ಕು, ಟೈಟಾನಿಯಂ, ಕಾರ್ಬನ್. ಹೆಸರು ಮಾತ್ರ ವುಡ್ ಎಂದೇ ಉಳಿಯಿತು.

ಹ್ಯಾಂಡಿಕ್ಯಾಪ್ ಎಂದರೆ ಆಟಗಾರರ ಶಕ್ತಿಗೆ ತಕ್ಕಂತೆ ಕೊಡುವ ಹೊಡೆತಗಳ ರಿಯಾಯಿತಿ. ನುರಿತವರು 72 ಹೊಡೆತಗಳಲ್ಲಿ ಮುಗಿಸುವ ಸುತ್ತಿಗೆ ನಿಮಗೆ ನೂರು ಬೇಕಾಯಿತೆನ್ನಿ, ನಿಮ್ಮ ಹ್ಯಾಂಡಿಕ್ಯಾಪ್ ಹೆಚ್ಚುಕಡಿಮೆ 28. ಜಗತ್ತಿಗೆಲ್ಲ ಒಂದೇ ಪದ್ಧತಿ 2020ರಲ್ಲಿ ಜಾರಿಗೆ ಬಂತು. ಅದರಲ್ಲಿ ಗಂಡಸರಿಗೂ ಹೆಂಗಸರಿಗೂ ಮಿತಿ 54. ಆದ್ದರಿಂದ ಅಂಕಿ ದೊಡ್ಡದಾಯಿತೆಂದು ನಾಚಬೇಕಾಗಿಲ್ಲ.

ಮನ್ನಿಸುವ ಗುಣ ಎಲ್ಲಿಂದ ಬರುತ್ತದೆ?

ಚೆಂಡು ಕ್ಲಬ್ಬಿನ ಮುಖದ ನಟ್ಟನಡುವೆ ತಗುಲಿದರೆ ಯಾವ ಕ್ಲಬ್ಬಾದರೂ ಒಳ್ಳೆಯದೇ. ಅಂಚಿಗೆ ತಗುಲಿದಾಗಲೇ ಅದರ ನಿಜವಾದ ಗುಣ ಗೊತ್ತಾಗುವುದು. ಬರಿಗೈಯಲ್ಲಿ ನಿಂತವಳ ಭುಜ ಹಿಡಿದು ತಿರುಗಿಸಿ ನೋಡಿ, ಥಟ್ಟನೆ ತಿರುಗುತ್ತಾಳೆ. ಎರಡೂ ಕೈ ಚಾಚಿ ತುಂಬಿದ ಕೊಡ ಹಿಡಿದು ನಿಂತವಳನ್ನು ತಿರುಗಿಸುವುದು ಅಷ್ಟು ಸುಲಭವಲ್ಲ. ಕ್ಲಬ್ಬಿನ ತಲೆಯೂ ಹಾಗೆಯೇ. ಭಾರವನ್ನು ನಡುವೆ ಗುಡ್ಡೆ ಹಾಕದೆ ಅಂಚಿಗೂ ಹಿಂದಕ್ಕೂ ಹಂಚಿದ್ದರೆ, ಚೆಂಡು ಪಕ್ಕಕ್ಕೆ ತಗುಲಿದರೂ ತಲೆ ತಿರುಚಿಕೊಳ್ಳುವುದು ಕಡಿಮೆ. ಚೆಂಡು ತೀರಾ ದಾರಿ ತಪ್ಪುವುದಿಲ್ಲ.

ಭಾರ ತಳದಲ್ಲಿದ್ದರೆ ಇನ್ನೊಂದು ಲಾಭ, ಚೆಂಡು ಸುಲಭವಾಗಿ ಮೇಲೇಳುತ್ತದೆ. ಆದ್ದರಿಂದ ಹಿಂದಕ್ಕೆ ಅಗಲವಾಗಿ ಚಾಚಿದ, ಮುಖದ ಎತ್ತರ ಕಡಿಮೆಯಿರುವ ತಲೆಯನ್ನು ಆರಿಸಿ. ಚಿಕ್ಕ, ಚೊಕ್ಕ ತಲೆ ನೋಡಲು ಅಂದ. ಆದರೆ ಅದು ನುರಿತ ಕೈಗೆ.

3 ಬೇಡ, 5 ಅಥವಾ 7 ಇರಲಿ

ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬುದನ್ನು ಲಾಫ್ಟ್ ಎನ್ನುತ್ತಾರೆ. 3 ನಂಬರಿನ ವುಡ್‌ಗೆ ಸುಮಾರು 15 ಡಿಗ್ರಿ, 5ಕ್ಕೆ 18-19, 7ಕ್ಕೆ 21-22, 9ಕ್ಕೆ 24ರ ಆಸುಪಾಸು. “3ರಲ್ಲಿ ದೂರ ಹೋಗುತ್ತೆ ಮೇಡಂ” ಎಂದು ಅಂಗಡಿಯವರು ಹೇಳಬಹುದು. ಜೋರಾಗಿ ಬೀಸುವವರಿಗೆ ಅದು ನಿಜ. ನಿಧಾನವಾಗಿ ಬೀಸುವವರ ಕೈಯಲ್ಲಿ 3 ನಂಬರಿನದು ಚೆಂಡನ್ನು ಸಾಕಷ್ಟು ಮೇಲೆತ್ತುವುದೇ ಇಲ್ಲ. ಅದೇ 7ರಲ್ಲಿ ಚೆಂಡು ಎತ್ತರಕ್ಕೆ ಹಾರಿ, ಎಷ್ಟೋ ಸಲ 3ಕ್ಕಿಂತ ಮುಂದೆಯೇ ಬೀಳುತ್ತದೆ. ಅದರ ಕೋಲು ಗಿಡ್ಡ, ಹಿಡಿತಕ್ಕೂ ಸಲೀಸು.

ಕೋಲಿನ ಕಡೆಗೂ ಗಮನವಿರಲಿ. ಗ್ರಾಫೈಟ್ ಕೋಲು ಉಕ್ಕಿನದಕ್ಕಿಂತ ಬಹಳ ಹಗುರ. ಅದರ ಮೇಲೆ ಎಲ್ ಎಂದಿದ್ದರೆ ಹೆಂಗಸರಿಗಾಗಿ ಮಾಡಿದ ಬಳುಕುವ ಕೋಲು, ಎ ಎಂದರೆ ತುಸು ಗಟ್ಟಿ, ಆರ್ ಇನ್ನೂ ಗಟ್ಟಿ, ಎಸ್ ಬಿರುಸು. ಎಲ್ಲ ಹೆಂಗಸರಿಗೂ ಎಲ್ ಆಗಬೇಕೆಂದಿಲ್ಲ. ಗಟ್ಟಿ ತೋಳಿನವರಿಗೆ ಎ ಒಪ್ಪಬಹುದು. ಬೀಸಿಯೇ ನೋಡಬೇಕು.

ಕುತ್ತಿಗೆ ತಿರುಗಿಸುವ ಅನುಕೂಲ

ಹೊಸ ಕ್ಲಬ್‌ಗಳಲ್ಲಿ ಕೆಲವಕ್ಕೆ ತಲೆಯೂ ಕೋಲೂ ಸೇರುವ ಕುತ್ತಿಗೆಯಲ್ಲಿ ತಿರುಪು ಇರುತ್ತದೆ. ಜೊತೆಗೆ ಕೊಟ್ಟ ಪುಟ್ಟ ಕೀಲಿಯಿಂದ ಸಡಿಲಿಸಿ, ಗುರುತು ನೋಡಿ ತಿರುಗಿಸಿ, ‘ಕ್ಲಿಕ್’ ಅನ್ನುವವರೆಗೆ ಬಿಗಿದರೆ ಲಾಫ್ಟ್ ಬದಲಾಗುತ್ತದೆ, ಸಾಮಾನ್ಯವಾಗಿ ಅತ್ತ ಇತ್ತ ಒಂದೂವರೆ ಎರಡು ಡಿಗ್ರಿಯಷ್ಟು. ಕೆಲವದರಲ್ಲಿ ತಳದ ಭಾರದ ಬಿಲ್ಲೆಯನ್ನೂ ಸರಿಸಬಹುದು.

ಬಲಗೈಯವರಲ್ಲಿ ಹೊಸಬರ ಚೆಂಡು ಸಾಮಾನ್ಯವಾಗಿ ಬಲಕ್ಕೆ ಬಾಗಿ ಹೋಗುತ್ತದೆ. ನಿಮಗೂ ಹಾಗಾಗುತ್ತಿದ್ದರೆ ಲಾಫ್ಟ್ ಹೆಚ್ಚಿಸಿ ನೋಡಿ. ಹೆಚ್ಚಿಸಿದಾಗ ಮುಖ ತುಸು ಎಡಕ್ಕೂ ತಿರುಗುವುದರಿಂದ ಬಾಗು ತಗ್ಗುತ್ತದೆ. ಭಾರದ ಬಿಲ್ಲೆಯನ್ನು ಕೋಲಿನ ಬದಿಗೆ ಸರಿಸಿದರೂ ಅದೇ ಫಲ.

ಆದರೆ ಒಂದು ಕಿವಿಮಾತು. ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ನಿಮಿಷಕ್ಕೊಮ್ಮೆ ಕೈಯಾಡಿಸಿದರೆ ಸಾರು ಕೆಟ್ಟೀತು. ಒಂದು ಸಲ ಹೊಂದಿಸಿ, ನಾಲ್ಕಾರು ದಿನ ಹಾಗೇ ಆಡಿ, ಆಮೇಲೆ ನೋಡಿ. ಆಟದ ಸುತ್ತಿನ ನಡುವೆಯಂತೂ ಮುಟ್ಟಲೇಬೇಡಿ. ಸ್ಪರ್ಧೆಯಲ್ಲಿ ಹಾಗೆ ಬದಲಿಸಿದ ಕ್ಲಬ್ಬಿನಿಂದ ಹೊಡೆದರೆ ಆಟದಿಂದಲೇ ಹೊರಗೆ.

ಕೈಯಲ್ಲಿ ದುಡ್ಡು ಕಡಿಮೆಯೇ? ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಲಾಫ್ಟ್, ಕೋಲು, ತಲೆಯ ಆಕಾರ, ಈ ಮೂರು ಮೊದಲು. ತಿರುಪಿನ ಅನುಕೂಲ ಆಮೇಲೆ. ತಿರುಪಿಲ್ಲದ 7 ನಂಬರು ನಿಮಗೆ ಒಪ್ಪಿದರೆ ತಿರುಪಿರುವ 3ಕ್ಕಿಂತ ಅದೇ ಲೇಸು.

ಬಲವೊಂದೇ ಸಾಲದು

ಟೋಕಿಯೋ ಒಲಿಂಪಿಕ್ಸ್ ನಿಮಗೆ ನೆನಪಿರಬಹುದು. 2021ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ನಾಲ್ಕನೆಯವಳಾಗಿ ನಿಂತಳು. ಕಂಚಿನ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಆಗ ಚೀಲ ಹೊತ್ತು ಜೊತೆಗೆ ನಡೆದವರು ಆಕೆಯ ತಾಯಿ. ಮೊದಲ ಹೊಡೆತದ ದೂರದಲ್ಲಿ ಅದಿತಿ ಅಲ್ಲಿ ಬಹಳ ಹಿಂದಿನವಳು. ಬೇರೆಯವರು ಚಿಕ್ಕ ಕ್ಲಬ್ ತೆಗೆಯುವ ಕಡೆ ಆಕೆ ಉದ್ದದ ಕ್ಲಬ್ ಹಿಡಿದು, ಗುರಿಯ ಹತ್ತಿರಕ್ಕೆ ಚೆಂಡು ಕಳಿಸಿ ಸರಿಸಮ ನಿಂತಳು. ದೂರ ಹೊಡೆಯಲಾಗದವಳಿಗೆ ಈ ಜಾತಿಯ ಕ್ಲಬ್ ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೊಳ್ಳುವ ಮುನ್ನ

1. ಹತ್ತು ಚೆಂಡು ಹೊಡೆದು ನೋಡಿ. ಎಲ್ಲಕ್ಕಿಂತ ಒಳ್ಳೆಯ ಹೊಡೆತವನ್ನು ಮರೆತುಬಿಡಿ, ಕೆಟ್ಟ ಮೂರನ್ನು ನೆನಪಿಡಿ. ಯಾವ ಕ್ಲಬ್ಬಿನ ಕೆಟ್ಟ ಹೊಡೆತ ಹೆಚ್ಚು ಕೆಟ್ಟದಲ್ಲವೋ ಅದೇ ನಿಮ್ಮದು.

2. ಮುಖಕ್ಕೆ ತೆಳ್ಳಗೆ ಪೌಡರ್ ಸವರಿ ಹೊಡೆಯಿರಿ. ಚೆಂಡು ಎಲ್ಲಿ ತಗುಲಿತೆಂದು ಅಚ್ಚು ಮೂಡುತ್ತದೆ.

3. ಅಂಗಡಿಯ ಚಾಪೆಯ ಮೇಲಷ್ಟೇ ಹೊಡೆದು ಒಪ್ಪಬೇಡಿ. ಚೆಂಡಿನ ಹಿಂದೆ ತಗುಲಿದರೂ ಕ್ಲಬ್ ಅಲ್ಲಿ ಜಾರಿಕೊಂಡು ಹೋಗುತ್ತದೆ. ಹುಲ್ಲಿನ ಮೇಲೆ ಮಣ್ಣಿಗೆ ಕಚ್ಚುತ್ತದೆ. ಸಾಧ್ಯವಾದರೆ ಮೈದಾನದಲ್ಲೇ ಪರೀಕ್ಷಿಸಿ.

4. ಹಳೆಯದು ಕೊಳ್ಳುವಾಗ ತಿರುಪು ಸವೆದಿಲ್ಲವೇ, ಕೀಲಿ ಜೊತೆಗಿದೆಯೇ ನೋಡಿ. ಒಂದು ಕಂಪನಿಯ ಕುತ್ತಿಗೆ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ತೀರಾ ಅಗ್ಗಕ್ಕೆ ಸಿಕ್ಕರೆ ಜೋಕೆ, ಹೆಸರಾಂತ ಕಂಪನಿಗಳ ನಕಲಿ ಮಾಲು ಬೇಕಾದಷ್ಟಿದೆ.

5. ಹೊಡೆಯುವಾಗ ಚೆಂಡನ್ನು ಎತ್ತಲು ಹೋಗಬೇಡಿ. ಅಂಗಳ ಗುಡಿಸುವ ಹಾಗೆ ನೆಲ ಸವರಿಕೊಂಡು ಬೀಸಿ. ಎತ್ತುವ ಕೆಲಸ ಲಾಫ್ಟಿನದು.

ಯಜಮಾನರೋ ಮಗನೋ “ನನ್ನ ಹಳೇದೇ ಇದೆಯಲ್ಲ, ಅದೇ ಸಾಕು” ಎಂದರೆ ನಗುನಗುತ್ತಲೇ ಕೇಳಿ: “ನಿಮ್ಮ ಕನ್ನಡಕ ನಾನು ಹಾಕಿಕೊಂಡರೆ ನನಗೆ ಕಾಣುತ್ತದೆಯೇ?” ಉತ್ತರ ಅವರೇ ಹೇಳಿಯಾರು.