ಪಾಲಾರ್ ಗಡಿಯ ಗಾಳಿ: ಹೊಗೆಗೆ ಮಿತಿ ಹಾಕುವವರು ಯಾರು?

ಕೊಳ್ಳೇಗಾಲ: ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನತ್ತ ಇಳಿಯುವ ರಸ್ತೆಯಲ್ಲಿ ಪಾಲಾರ್ ರಾಜ್ಯದ ಕಡೆಯ ತಾಣ. ಅಲ್ಲಿನ ಚೆಕ್‌ಪೋಸ್ಟ್‌ನಲ್ಲಿ ವಾಹನಗಳು ನಿಲ್ಲುತ್ತವೆ, ಗಾಳಿ ನಿಲ್ಲುವುದಿಲ್ಲ. ಆದರೆ ಕಾರ್ಖಾನೆಗಳ ಹೊಗೆಗೆ ಮಿತಿ ವಿಧಿಸುವ ಅಧಿಕಾರ ಮಾತ್ರ ಗಡಿಯಲ್ಲೇ ನಿಲ್ಲುತ್ತದೆ.

1981ರ ವಾಯು ಮಾಲಿನ್ಯ ನಿಯಂತ್ರಣ ಕಾಯ್ದೆಯ 21ನೇ ಕಲಮಿನ ಪ್ರಕಾರ ಕಾರ್ಖಾನೆಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಅಗತ್ಯ. ಸ್ಥಾಪನೆಗೊಂದು, ಕಾರ್ಯಾಚರಣೆಗೊಂದು ಸಮ್ಮತಿ ಪಡೆಯಬೇಕು. ಚಿಮಣಿಯ ಎತ್ತರ, ಅಳವಡಿಸಬೇಕಾದ ಶುದ್ಧೀಕರಣ ಸಾಧನ, ಹೊರಬಿಡಬಹುದಾದ ಮಾಲಿನ್ಯದ ಪ್ರಮಾಣಗಳೆಲ್ಲ ಸಮ್ಮತಿಯ ಷರತ್ತುಗಳಾಗಿರುತ್ತವೆ.

ಮಿತಿ ಉದ್ಯಮಕ್ಕೆ ತಕ್ಕಂತೆ ಬದಲಾಗುತ್ತದೆ. ಕೊಳ್ಳೇಗಾಲದ ಸಮೀಪದ ಕುಂತೂರಿನಲ್ಲಿರುವಂತಹ ಸಕ್ಕರೆ ಕಾರ್ಖಾನೆಗಳಿಗೆ 2016ರ ಕೇಂದ್ರ ಅಧಿಸೂಚನೆಯಂತೆ ಒಂದು ಘನ ಮೀಟರ್ ಅನಿಲದಲ್ಲಿ 150 ಮಿಲಿಗ್ರಾಂ ದೂಳಿನ ಕಣವೇ ಗರಿಷ್ಠ. ರಾಜ್ಯ ಮಂಡಳಿ ಇದನ್ನು ಬಿಗಿಗೊಳಿಸಬಹುದು, ಸಡಿಲಿಸುವಂತಿಲ್ಲ.

ಗಡಿಯಾಚೆಯ ಮೆಟ್ಟೂರಿನಲ್ಲಿ ಕಲ್ಲಿದ್ದಲು ಆಧಾರಿತ ಉಷ್ಣ ವಿದ್ಯುತ್ ಸ್ಥಾವರವಿದೆ. ತಲಾ 210 ಮೆಗಾವಾಟ್‌ನ ನಾಲ್ಕು ಹಳೆಯ ಘಟಕಗಳ ಜತೆಗೆ 600 ಮೆಗಾವಾಟ್‌ನ ಹೊಸ ಘಟಕವೂ ಇದೆ. 2015ರ ಡಿಸೆಂಬರ್‌ ಅಧಿಸೂಚನೆ ಪ್ರಕಾರ 2004ಕ್ಕೆ ಮುಂಚಿನ ಘಟಕಗಳಿಗೆ ದೂಳಿನ ಮಿತಿ 100 ಮಿಲಿಗ್ರಾಂ, 2004ರಿಂದ 2016ರವರೆಗಿನವಕ್ಕೆ 50 ಮಿಲಿಗ್ರಾಂ. ಅಂದರೆ ಒಂದೇ ಆವರಣದ ಎರಡು ಚಿಮಣಿಗಳಿಗೆ ಎರಡು ಮಿತಿ. ಗಂಧಕದ ಡೈಆಕ್ಸೈಡ್‌ಗೂ ಆಗ ಮಿತಿ ನಿಗದಿಯಾಗಿತ್ತು. ಮಹಾನಗರಗಳಿಂದ ಹಾಗೂ ತೀವ್ರ ಮಾಲಿನ್ಯದ ಪ್ರದೇಶಗಳಿಂದ ದೂರವಿರುವ 'ಸಿ' ವರ್ಗದ ಸ್ಥಾವರಗಳಿಗೆ ಚಿಮಣಿ ಎತ್ತರದ ಷರತ್ತಿನೊಂದಿಗೆ ಅದರಿಂದ 2025ರ ಜುಲೈನಲ್ಲಿ ವಿನಾಯಿತಿ ನೀಡಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇವೆಲ್ಲ ಚಿಮಣಿಯೊಳಗಿನ ಹೊಗೆಯ ಸಾಂದ್ರತೆಯ ಮಿತಿಗಳು. ಜನ ಉಸಿರಾಡುವ ಗಾಳಿಗೆ 2009ರ ರಾಷ್ಟ್ರೀಯ ಮಾನದಂಡ ಪ್ರತ್ಯೇಕವಾಗಿದೆ: ಪಿಎಂ 10 ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ ಮೀರಬಾರದು. ಪ್ರತಿ ಚಿಮಣಿಯೂ ಮಿತಿಯೊಳಗಿದ್ದು, ಒಟ್ಟು ಗಾಳಿ ಮಾತ್ರ ಕೆಡುವ ಸಾಧ್ಯತೆ ಇಲ್ಲದಿಲ್ಲ.

ಮೆಟ್ಟೂರಿನ ಸ್ಥಾವರ ತಮಿಳುನಾಡು ಮಂಡಳಿಯ ವ್ಯಾಪ್ತಿಗೆ ಸೇರಿದ್ದು, ಅದರ ಸಮ್ಮತಿಯಲ್ಲಿ ಕರ್ನಾಟಕ ಮಂಡಳಿಗೆ ಅಧಿಕಾರವಿಲ್ಲ. ರಾಜ್ಯ ಮಂಡಳಿಗಳ ನಡುವಿನ ವಿವಾದ ಬಗೆಹರಿಸುವುದು ಕೇಂದ್ರ ಮಂಡಳಿಯ ಹೊಣೆ. ಎರಡೂ ರಾಜ್ಯಗಳ ನಾಗರಿಕರು ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ಮೊರೆ ಹೋಗಬಹುದು.

ಅದಕ್ಕೂ ಮುನ್ನ ಕೈಗೆಟಕುವ ದಾರಿಯೊಂದಿದೆ. ಕಾಯ್ದೆಯ 51ನೇ ಕಲಮಿನಂತೆ ಸಮ್ಮತಿ ಪಡೆದವರ ವಿವರ ಹಾಗೂ ಅವರಿಗೆ ವಿಧಿಸಿದ ಮಿತಿಗಳನ್ನು ರಾಜ್ಯ ಮಂಡಳಿ ವಹಿಯಲ್ಲಿ ದಾಖಲಿಸಬೇಕು. ಹೊಗೆಯಿಂದ ಬಾಧಿತರಾದ ಯಾರೇ ಆಗಲಿ ಆ ವಹಿಯನ್ನು ಪರಿಶೀಲಿಸಬಹುದು. ಮಿತಿ ಎಷ್ಟೆಂದು ತಿಳಿದವರಿಗೆ ಮಾತ್ರ ಅದು ಮೀರಿದೆಯೇ ಎಂದು ಪ್ರಶ್ನಿಸಲು ಸಾಧ್ಯ.